ದೆವ್ವ ಕಟ್ಟುವವರ ಬೆನ್ನುಹತ್ತಿ

ಹಾರರ್ ಸಿನಿಮಾವನ್ನೇ ತಮ್ಮ ಬೀಟ್ ಮಾಡಿಕೊಂಡ ಕೆಲವು ಪತ್ರಕರ್ತರು ಸೆಟ್ಟಿನಿಂದ ಸೆಟ್ಟಿಗೆ, ಉತ್ಸವದಿಂದ ಉತ್ಸವಕ್ಕೆ ಅಲೆದರು. ಮರ್ಯಾದಸ್ಥರು ಮುಖ ತಿರುಗಿಸಿಕೊಂಡಿದ್ದ ಒಂದು ಕಸುಬಿನ ಚರಿತ್ರೆ ಉಳಿದದ್ದು ಅವರ ನೋಟ್‌ಬುಕ್ಕುಗಳಲ್ಲಿ. ಕನ್ನಡದ ದೆವ್ವಗಳಿಗೂ ಅಂಥದ್ದೊಂದು ನೋಟ್‌ಬುಕ್ ಬೇಕು.

1979ರ ಚಳಿಗಾಲ. ಅಮೆರಿಕದ ಟೆನೆಸ್ಸೀ ರಾಜ್ಯದ ಮಾರಿಸ್‌ಟೌನ್ ಊರಾಚೆ, ಕಾಡಿನೊಳಗಿನ ಹಳೆಯ ಮರದ ಮನೆಯೊಂದರಲ್ಲಿ ಮಿಶಿಗನ್ ಕಡೆಯ ಹುಡುಗರ ಗುಂಪು ಸಿನಿಮಾ ಮಾಡುತ್ತಿತ್ತು. ನಿರ್ದೇಶಕ ಸ್ಯಾಮ್ ರೈಮಿಗೆ ಆಗ 20 ವರ್ಷ. ರಕ್ತಕ್ಕೆಂದು ಕಲಸಿದ ಮೆಕ್ಕೆಜೋಳದ ಪಾಕ ನಟರ ಮೈಗೆ ಅಂಟಿ ಚಳಿಗೆ ಬಿಗಿಯುತ್ತಿತ್ತು. ದುಬಾರಿ ಸಲಕರಣೆಗೆ ದುಡ್ಡಿರಲಿಲ್ಲ. ಉದ್ದನೆಯ ಹಲಗೆಯ ನಡುವೆ ಕ್ಯಾಮೆರಾ ಬಿಗಿದು, ಎರಡು ತುದಿಗಳನ್ನು ಇಬ್ಬರು ಹಿಡಿದು ಮರಗಳ ನಡುವೆ ಓಡಿದರು. ತೆರೆಯ ಮೇಲೆ ಅದು ಕಾಣದ ದುಷ್ಟಶಕ್ತಿಯೊಂದು ನುಗ್ಗಿಬರುವ ದೃಶ್ಯವಾಯಿತು. ಹೀಗೆ ತಯಾರಾದ ‘ದಿ ಈವಿಲ್ ಡೆಡ್’ 1981ರಲ್ಲಿ ಡೆಟ್ರಾಯಿಟ್‌ನಲ್ಲಿ ಮೊದಲ ಪ್ರದರ್ಶನ ಕಂಡಿತು. ಆದರೆ ಅಮೆರಿಕದಾದ್ಯಂತ ಬಿಡುಗಡೆ ಮಾಡಲು ಹಂಚಿಕೆದಾರರು ಮುಂದೆ ಬರಲಿಲ್ಲ.

ಮರುವರ್ಷ ಚಿತ್ರ ಫ್ರಾನ್ಸಿನ ಕಾನ್ ಚಿತ್ರೋತ್ಸವಕ್ಕೆ ಹೋಯಿತು. ಸ್ಪರ್ಧೆಯ ಹೊರಗೆ ನಡೆದ ಆ ಪ್ರದರ್ಶನದಲ್ಲಿ ಕಾದಂಬರಿಕಾರ ಸ್ಟೀಫನ್ ಕಿಂಗ್ ಕೂತಿದ್ದರು. ನೋಡಿದ್ದನ್ನು ಅವರು ಮನಸ್ಸಿನಲ್ಲೇ ಇಟ್ಟುಕೊಳ್ಳಲಿಲ್ಲ. ‘ಟ್ವಿಲೈಟ್ ಝೋನ್’ ಪತ್ರಿಕೆಯ 1982ರ ನವೆಂಬರ್ ಸಂಚಿಕೆಯಲ್ಲಿ ಮನದುಂಬಿ ಬರೆದರು. ಅವರ ಹೊಗಳಿಕೆಯ ಮಾತು ಪೋಸ್ಟರಿಗೇರಿತು. ಬ್ರಿಟನ್ನಿನಲ್ಲಿ ಪ್ಯಾಲೆಸ್, ಅಮೆರಿಕದಲ್ಲಿ ನ್ಯೂ ಲೈನ್ ಸಂಸ್ಥೆಗಳು ಚಿತ್ರವನ್ನು ಬಿಡುಗಡೆ ಮಾಡಿದವು. ರೈಮಿ ಮುಂದೆ ‘ಸ್ಪೈಡರ್‌ಮ್ಯಾನ್’ ಚಿತ್ರಗಳ ನಿರ್ದೇಶಕರಾದದ್ದು ಎಲ್ಲರಿಗೂ ಗೊತ್ತು.

ಒಬ್ಬ ಬರಹಗಾರ ದೂರದ ಊರಿಗೆ ಹೋಗಿ, ಕತ್ತಲಲ್ಲಿ ಕೂತು ನೋಡಿ, ಬಂದು ಬರೆದದ್ದರಿಂದ ಒಂದು ಚಿತ್ರದ ಹಣೆಬರಹ ಬದಲಾಯಿತು. ಕಿಂಗ್ ಹೆಸರಾಂತ ಲೇಖಕರು. ಅವರಷ್ಟು ಹೆಸರಿಲ್ಲದ ಹಲವರು ದಶಕಗಳಿಂದ ಇದೇ ಕೆಲಸ ಮಾಡುತ್ತ ಬಂದಿದ್ದಾರೆ. ದೊಡ್ಡ ಪತ್ರಿಕೆಗಳ ವಿಮರ್ಶಕರು ಎರಡು ಸಾಲಿನಲ್ಲಿ ತಳ್ಳಿಹಾಕುತ್ತಿದ್ದ ಚಿತ್ರಗಳ ಬಳಿಗೆ ಇವರು ನಡೆದು ಹೋದರು. ಭಯ ಹುಟ್ಟಿಸುವುದೂ ಒಂದು ವಿದ್ಯೆ, ಆ ವಿದ್ಯೆ ಬಲ್ಲವರ ಹೆಸರು ಉಳಿಯಬೇಕು ಎಂದು ನಂಬಿದರು. ಈ ನಂಬಿಕೆ ನನ್ನದೂ ಹೌದು. ಅದಕ್ಕಾಗಿಯೇ ಈ ಬರಹ.

ಆಕರ್ಮನ್‌ನಿಂದ ಫ್ಯಾಂಗೋರಿಯಾವರೆಗೆ

ಈ ಪತ್ರಿಕೋದ್ಯಮಕ್ಕೆ ದೊಡ್ಡ ತಿರುವು ಸಿಕ್ಕಿದ್ದು 1958ರಲ್ಲಿ. ಪ್ರಕಾಶಕ ಜೇಮ್ಸ್ ವಾರನ್, ಸಂಪಾದಕ ಫಾರೆಸ್ಟ್ ಜೆ. ಆಕರ್ಮನ್ ಸೇರಿ ‘ಫೇಮಸ್ ಮಾನ್‌ಸ್ಟರ್ಸ್ ಆಫ್ ಫಿಲ್ಮ್‌ಲ್ಯಾಂಡ್’ ತಂದರು. ಓದುಗರು ಹೆಚ್ಚಾಗಿ ಮಕ್ಕಳು. ಡ್ರಾಕುಲಾ, ಫ್ರಾಂಕೆನ್‌ಸ್ಟೈನ್ ಚಿತ್ರಗಳ ಫೋಟೋಗಳ ಪಕ್ಕದಲ್ಲೇ ಆ ವೇಷದೊಳಗಿದ್ದವರು ಯಾರು, ವೇಷ ಹಾಕಿದವರು ಯಾರು ಎಂಬ ವಿವರವೂ ಇರುತ್ತಿತ್ತು. ಲಾಸ್ ಏಂಜಲೀಸಿನ ತಮ್ಮ ಮನೆಯನ್ನೇ ಆಕರ್ಮನ್ ಸಂಗ್ರಹಾಲಯ ಮಾಡಿ, ಹುಡುಕಿ ಬಂದ ಅಭಿಮಾನಿಗಳಿಗೆ ಬಾಗಿಲು ತೆರೆದಿಟ್ಟರು. ಆ ಪತ್ರಿಕೆ ಓದಿ ಬೆಳೆದವರಲ್ಲಿ ಸ್ಟೀವನ್ ಸ್ಪಿಲ್‌ಬರ್ಗ್, ಜೋ ಡಾಂಟೆ, ಪೀಟರ್ ಜಾಕ್ಸನ್ ಇದ್ದಾರೆ. ಸ್ಟೀಫನ್ ಕಿಂಗ್ ಹುಡುಗನಾಗಿದ್ದಾಗ ಆಕರ್ಮನ್‌ಗೊಂದು ಕಥೆ ಕಳಿಸಿದ್ದರು.

1970ರಲ್ಲಿ ಫ್ರೆಡರಿಕ್ ಕ್ಲಾರ್ಕ್ ‘ಸಿನೆಫ್ಯಾಂಟಾಸ್ಟಿಕ್’ ಶುರುಮಾಡಿ, ಒಂದೊಂದು ಚಿತ್ರದ ನಿರ್ಮಾಣದ ಬಗ್ಗೆಯೂ ಪುಟಗಟ್ಟಲೆ ಬರೆಯುವ ಗಂಭೀರ ಕ್ರಮ ತಂದರು. ಫ್ರಾನ್ಸಿನಲ್ಲಿ 1972ರಲ್ಲಿ ‘ಮ್ಯಾಡ್ ಮೂವೀಸ್’ ಹುಟ್ಟಿತು. 1979ರಲ್ಲಿ ನ್ಯೂಯಾರ್ಕ್‌ನಿಂದ ‘ಫ್ಯಾಂಗೋರಿಯಾ’ ಬಂತು. ಮೊದಲ ಸಂಚಿಕೆಯ ಮುಖಪುಟದಲ್ಲಿದ್ದದ್ದು ಗಾಡ್ಜಿಲ್ಲಾ. ಮೊದಮೊದಲು ಪತ್ರಿಕೆಗೆ ತನ್ನ ಓದುಗರು ಯಾರೆಂದೇ ತಿಳಿಯಲಿಲ್ಲ. ‘ಡಾನ್ ಆಫ್ ದ ಡೆಡ್’ ಚಿತ್ರಕ್ಕೆ ಗಾಯ, ರಕ್ತ, ಹರಿದ ಮಾಂಸದ ಮೇಕಪ್ ಮಾಡಿದ ಟಾಮ್ ಸಾವಿನಿ ಅಂಥವರ ಕೆಲಸವನ್ನು ಬಣ್ಣದ ಪುಟಗಳಲ್ಲಿ ತೋರಿಸತೊಡಗಿದಾಗ ಓದುಗರು ಮುಗಿಬಿದ್ದರು. ಮುಂದಿನ ವರ್ಷಗಳಲ್ಲಿ ನಟನಟಿಯರಿಗಿಂತ ಮೇಕಪ್ ಕಲಾವಿದರೇ ಅದರ ಪುಟಗಳಲ್ಲಿ ತಾರೆಯರಾದರು. ಡಿಕ್ ಸ್ಮಿತ್, ರಿಕ್ ಬೇಕರ್, ರಾಬ್ ಬಾಟೀನ್ ಎಂಬ ಹೆಸರುಗಳು ಊರೂರಿನ ಹುಡುಗರ ಬಾಯಲ್ಲಿ ಓಡಾಡಿದವು.

ಮೇಕಪ್‌ಗೆ ಪ್ರತಿವರ್ಷದ ಆಸ್ಕರ್ ಬಹುಕಾಲ ಇರಲೇ ಇಲ್ಲ. 1964ರ ಚಿತ್ರಕ್ಕೆ ವಿಲಿಯಂ ಟಟಲ್, 1968ರ ಚಿತ್ರಕ್ಕೆ ಜಾನ್ ಚೇಂಬರ್ಸ್ ಅವರಿಗೆ ವಿಶೇಷ ಗೌರವ ಸಂದದ್ದು ಬಿಟ್ಟರೆ, ವಿಭಾಗವೇ ಶುರುವಾದದ್ದು 1981ರ ಚಿತ್ರಗಳಿಂದ. ಮೊದಲು ಗೆದ್ದವರು ರಿಕ್ ಬೇಕರ್, ‘ಆ್ಯನ್ ಅಮೆರಿಕನ್ ವೇರ್‌ವುಲ್ಫ್ ಇನ್ ಲಂಡನ್’ ಎಂಬ ಹಾರರ್ ಚಿತ್ರಕ್ಕೆ. ಒಬ್ಬ ಮನುಷ್ಯ ಕಣ್ಣೆದುರೇ ತೋಳನಾಗಿ ಬದಲಾಗುವ ಆ ದೃಶ್ಯಕ್ಕೆ ಅಕಾಡೆಮಿ ತಲೆಬಾಗುವ ಹೊತ್ತಿಗೆ, ಅದನ್ನು ಮಾಡಿದವರ ಹೆಸರು ಈ ಪತ್ರಿಕೆಗಳ ಓದುಗರಿಗೆ ಹಳೆಯದಾಗಿತ್ತು.

ಸೆಟ್ಟಿನೊಳಗೆ

ಹಾರರ್ ಸೆಟ್ಟಿಗೆ ಮೊದಲ ಸಲ ಹೋಗುವ ಪತ್ರಕರ್ತನಿಗೆ ಭಯಪಡಲು ಅಲ್ಲಿ ಏನೂ ಸಿಗುವುದಿಲ್ಲ. ಸಿಗುವುದು ಕಾಯುವಿಕೆ. ಚಿತ್ರತಂಡದ ಯೂನಿಟ್ ಪಬ್ಲಿಸಿಸ್ಟ್, ನಮ್ಮಲ್ಲಿ ಪಿಆರ್‌ಒ ಎನ್ನುತ್ತೇವಲ್ಲ ಅವರು, ಪತ್ರಕರ್ತರ ಸಣ್ಣ ಗುಂಪನ್ನು ಕರೆದುಕೊಂಡು ಹೋಗುತ್ತಾರೆ. ಬಿಡುಗಡೆಯ ಹೊತ್ತಿನವರೆಗೂ ಏನನ್ನೂ ಬರೆಯುವುದಿಲ್ಲ ಎಂಬ ಕಾಗದಕ್ಕೆ ಸಹಿ ಬೀಳುತ್ತದೆ. ಮಾನಿಟರಿನ ಹಿಂದೆ ಕುರ್ಚಿ. ಒಂದು ಶಾಟ್ ಮುಗಿದು ಇನ್ನೊಂದಕ್ಕೆ ಲೈಟು ಬದಲಾಗುವಷ್ಟರಲ್ಲಿ ಗಂಟೆ ಕಳೆಯುತ್ತದೆ. ಆ ನಡುವೆ ಸಿಗುವ ಹತ್ತು ನಿಮಿಷದಲ್ಲಿ ನಿರ್ದೇಶಕರನ್ನು ಮಾತಾಡಿಸಬೇಕು. ದೆವ್ವದ ವೇಷದವರು ಸ್ಟ್ರಾ ಹಾಕಿಕೊಂಡು ಜ್ಯೂಸ್ ಕುಡಿಯುತ್ತಿರುತ್ತಾರೆ, ಬಾಯಿಯ ಸುತ್ತ ಅಂಟಿಸಿದ್ದು ಕಿತ್ತುಬರದಿರಲೆಂದು.

ಕರಾವಳಿಯವರಿಗೆ ಇದು ಹೊಸ ಅನುಭವ ಅನ್ನಿಸಲಾರದು. ಯಕ್ಷಗಾನದ ಚೌಕಿಯಲ್ಲಿ ಬಣ್ಣದ ವೇಷದವರು ಅಕ್ಕಿ ಹಿಟ್ಟು, ಸುಣ್ಣ ಕಲಸಿ ಮುಖದ ಮೇಲೆ ಚಿಟ್ಟಿ ಇಡುತ್ತ ಗಂಟೆಗಟ್ಟಲೆ ಕೂರುವುದನ್ನು ಇಣುಕಿ ನೋಡಲೆಂದೇ ಆಟಕ್ಕೆ ಬೇಗ ಹೋಗುವವರಿದ್ದಾರೆ. ಚೌಕಿ ನೋಡಿದ ಮೇಲೂ ರಂಗಸ್ಥಳಕ್ಕೆ ರಾಕ್ಷಸ ಅಬ್ಬರಿಸಿ ಬಂದಾಗ ಮೈ ನಡುಗುತ್ತದೆ. ಸೆಟ್ಟಿಗೆ ಹೋಗಿಬಂದ ಪತ್ರಕರ್ತನಿಗೂ ಆಗುವುದು ಅದೇ. ಗುಟ್ಟು ತಿಳಿದದ್ದರಿಂದ ಭಯ ಸಾಯುವುದಿಲ್ಲ, ಅದನ್ನು ಕಟ್ಟಿದವರ ಮೇಲೆ ಗೌರವ ಹುಟ್ಟುತ್ತದೆ.

ಹೀಗೆ ಹೋದವರು ಬರೆದಿಟ್ಟದ್ದರಿಂದಲೇ ನಮಗೆ ಎಷ್ಟೋ ವಿಷಯ ತಿಳಿದಿದೆ. ಜಾರ್ಜ್ ರೊಮೆರೊ ‘ಡಾನ್ ಆಫ್ ದ ಡೆಡ್’ ಚಿತ್ರವನ್ನು ಪಿಟ್ಸ್‌ಬರ್ಗ್ ಬಳಿಯ ಮನ್ರೋವಿಲ್ ಮಾಲ್‌ನಲ್ಲಿ ಚಿತ್ರಿಸಿದ್ದು ರಾತ್ರಿಗಳಲ್ಲಿ, ಅಂಗಡಿಗಳು ಮುಚ್ಚಿದ ಮೇಲೆ. ಬೆಳಗಿನ ಜಾವದೊಳಗೆ ಎಲ್ಲ ಒರೆಸಿ ಬಿಟ್ಟುಕೊಡಬೇಕು. ಕ್ರಿಸ್‌ಮಸ್ ಅಲಂಕಾರ ಮಾಲಿನ ತುಂಬ ಬಿದ್ದಾಗ ಶೂಟಿಂಗನ್ನೇ ನಿಲ್ಲಿಸಿ, ಹಬ್ಬ ಮುಗಿದ ಮೇಲೆ ಮುಂದುವರಿಸಿದರು. ಮೇಕಪ್ ಮಾಡಿದ ಸಾವಿನಿ ವಿಯೆಟ್ನಾಂ ಯುದ್ಧದಲ್ಲಿ ಸೇನೆಯ ಫೋಟೋಗ್ರಾಫರ್ ಆಗಿದ್ದವರು. ತಾವು ಅಲ್ಲಿ ಕಣ್ಣಾರೆ ಕಂಡ ಗಾಯಗಳೇ ತಮ್ಮ ಕೆಲಸಕ್ಕೆ ಆಧಾರ ಎಂದು ಅವರು ಸಂದರ್ಶನಗಳಲ್ಲಿ ಹೇಳುತ್ತ ಬಂದಿದ್ದಾರೆ. ಈ ಒಂದು ಸಂಗತಿ ಗೊತ್ತಾದ ಮೇಲೆ ಆ ಚಿತ್ರದ ಹಿಂಸೆಯನ್ನು ಅಗ್ಗದ ರಂಜನೆ ಎಂದು ಬದಿಗಿಡುವುದು ಕಷ್ಟ. ಒಂದು ಯುದ್ಧದ ನೆನಪು ಮಾಲಿನ ಹೊಳೆಯುವ ನೆಲಕ್ಕೆ ಬಂದು ಬಿದ್ದಿದೆ.

ಜಾನ್ ಕಾರ್ಪೆಂಟರ್ ‘ಹ್ಯಾಲೋವೀನ್’ ತೆಗೆದದ್ದು 1978ರ ವಸಂತದಲ್ಲಿ, ಕ್ಯಾಲಿಫೋರ್ನಿಯಾದಲ್ಲಿ. ಕಥೆ ನಡೆಯುವುದು ಎಲೆಯುದುರುವ ಅಕ್ಟೋಬರಿನಲ್ಲಿ. ಕಾಗದದ ಎಲೆಗಳಿಗೆ ಬಣ್ಣ ಬಳಿದು ಬೀದಿಗೆ ಹರಡಿ, ಶಾಟ್ ಮುಗಿದೊಡನೆ ಒಂದೊಂದನ್ನೂ ಆಯ್ದು ಚೀಲಕ್ಕೆ ತುಂಬಿಕೊಂಡು ಮುಂದಿನ ಬೀದಿಗೆ ಹೋಗುತ್ತಿದ್ದರು. ‘ದಿ ಎಕ್ಸಾರ್ಸಿಸ್ಟ್’ ಚಿತ್ರದ ಮಲಗುವ ಕೋಣೆಯನ್ನು ನ್ಯೂಯಾರ್ಕ್‌ನ ಸ್ಟುಡಿಯೋದಲ್ಲಿ ಕಟ್ಟಿ, ನಟರ ಉಸಿರು ಹೊಗೆಯಾಗಿ ಕಾಣಲೆಂದು ಹೆಪ್ಪುಗಟ್ಟುವಷ್ಟು ತಣ್ಣಗೆ ಇಟ್ಟಿದ್ದರು. ವಯಸ್ಸಾದ ಪಾದ್ರಿಯಾಗಿ ನಟಿಸಿದ ಮ್ಯಾಕ್ಸ್ ವಾನ್ ಸಿಡೋಗೆ ಆಗ 40 ದಾಟಿ ಕೆಲವೇ ವರ್ಷ. ಡಿಕ್ ಸ್ಮಿತ್ ಮೇಕಪ್ ಎಷ್ಟು ಸಹಜವಾಗಿತ್ತೆಂದರೆ, ಅಲ್ಲೊಂದು ಮೇಕಪ್ ಇದೆ ಎಂದೇ ಬಹಳ ಜನಕ್ಕೆ ತಿಳಿಯಲಿಲ್ಲ.

ಸೆಟ್ಟಿನ ಇನ್ನೊಂದು ಮುಖವನ್ನೂ ಬರೆಯುವುದು ಈ ಪತ್ರಕರ್ತರ ಹೊಣೆ. ಅದೇ ‘ಎಕ್ಸಾರ್ಸಿಸ್ಟ್’ ಸೆಟ್ಟಿನಲ್ಲಿ ಹಗ್ಗ ಕಟ್ಟಿ ಎಳೆಯುವ ದೃಶ್ಯದಲ್ಲಿ ನಟಿ ಎಲೆನ್ ಬರ್ಸ್ಟಿನ್ ಬೆನ್ನಿಗೆ ಪೆಟ್ಟಾಯಿತು. ಅವರ ನಿಜವಾದ ನೋವಿನ ಕೂಗು ಚಿತ್ರದಲ್ಲೇ ಉಳಿದಿದೆ. 1982ರ ಜುಲೈನಲ್ಲಿ ‘ಟ್ವಿಲೈಟ್ ಝೋನ್’ ಚಿತ್ರದ ಶೂಟಿಂಗ್ ವೇಳೆ ಹೆಲಿಕಾಪ್ಟರ್ ಉರುಳಿ ನಟ ವಿಕ್ ಮಾರೋ ಹಾಗೂ ಇಬ್ಬರು ಮಕ್ಕಳು ತೀರಿಕೊಂಡರು. ಭಯ ಹುಟ್ಟಿಸುವ ಹಂಬಲ ಜೀವಕ್ಕೇ ಎರವಾಗುವ ಗಡಿ ಎಲ್ಲಿದೆ ಎಂದು ಕೇಳುವವರು ಸೆಟ್ಟಿನಲ್ಲಿರಬೇಕು. ಪಬ್ಲಿಸಿಸ್ಟ್ ತೋರಿಸಿದಷ್ಟನ್ನೇ ನೋಡಿ, ಕೊಟ್ಟ ಊಟ ಉಂಡು, ಹೊಗಳಿ ಬರೆದು ಕೈತೊಳೆದುಕೊಳ್ಳುವ ಪತ್ರಕರ್ತ ಈ ಕಸುಬಿಗೆ ಸಲ್ಲದವನು. ಲೈಟ್‌ಬಾಯ್, ಸ್ಟಂಟ್‌ನವರು, ಮೇಕಪ್ ಸಹಾಯಕರ ಜೊತೆ ಚಹಾ ಕುಡಿಯುತ್ತ ನಿಂತವನಿಗೆ ನಿಜ ಸಂಗತಿ ಸಿಗುತ್ತದೆ.

ಅಲನ್ ಜೋನ್ಸ್ ನಡೆದ ದಾರಿ

1975ರಲ್ಲಿ ಲಂಡನ್ನಿನ ಪಿಕಡಿಲಿಯಲ್ಲಿ ಒಬ್ಬ ಯುವಕನನ್ನು ಅವನ ಟೀ ಶರ್ಟಿನ ಮೇಲಿದ್ದ ಚಿತ್ರಕ್ಕಾಗಿ ಪೊಲೀಸರು ಬಂಧಿಸಿದರು. ಪಂಕ್ ಫ್ಯಾಷನ್ನಿನ ಜೋಡಿ ವಿವಿಯನ್ ವೆಸ್ಟ್‌ವುಡ್, ಮಾಲ್ಕಮ್ ಮೆಕ್‌ಲಾರೆನ್ ಅವರ ಅಂಗಡಿಯಿಂದ ಬಂದ ಟೀ ಶರ್ಟ್ ಅದು. ಯುವಕನ ಹೆಸರು ಅಲನ್ ಜೋನ್ಸ್. ಅಶ್ಲೀಲ, ಅಸಭ್ಯ ಎಂದು ಸಮಾಜ ಗೆರೆ ಎಳೆದ ಕಡೆಯೇ ನಿಂತು ನೋಡುವ ಅಭ್ಯಾಸ ಅವರಿಗೆ ಮುಂದೆಯೂ ಹೋಗಲಿಲ್ಲ. ಬ್ರಿಟನ್ನಿನ ‘ಸ್ಟಾರ್‌ಬರ್ಸ್ಟ್’, ಅಮೆರಿಕದ ‘ಸಿನೆಫ್ಯಾಂಟಾಸ್ಟಿಕ್’ ಪತ್ರಿಕೆಗಳಿಗೆ ದಶಕಗಳ ಕಾಲ ಬರೆದ ಅವರು ಹಾರರ್ ಪತ್ರಕರ್ತ ಎಂಬ ಬದುಕಿಗೇ ಒಂದು ಮಾದರಿ.

ಅವರ ದಾರಿ ಮತ್ತೆ ಮತ್ತೆ ಹೋದದ್ದು ಇಟಲಿಗೆ, ನಿರ್ದೇಶಕ ದಾರಿಯೋ ಅರ್ಜೆಂಟೋ ಅವರ ಸೆಟ್ಟುಗಳಿಗೆ. ಅರ್ಜೆಂಟೋ ಅವರ ‘ಸುಸ್ಪೀರಿಯಾ’ 1977ರ ಚಿತ್ರ. ಗಾಬ್ಲಿನ್ ತಂಡದ ಸಂಗೀತದ ಒಂದಷ್ಟನ್ನು ಮೊದಲೇ ಮಾಡಿಸಿ, ನಟಿಯರು ನಡುಗಲೆಂದು ಸೆಟ್ಟಿನಲ್ಲೇ ಜೋರಾಗಿ ಹಾಕುತ್ತಿದ್ದರು. ಬಾಗಿಲ ಹಿಡಿಕೆಗಳನ್ನು ಮಾಮೂಲಿಗಿಂತ ಮೇಲೆ, ಮುಖದ ಮಟ್ಟಕ್ಕೆ ಇಡಿಸಿದ್ದರಿಂದ ದೊಡ್ಡ ಹುಡುಗಿಯರು ಪುಟ್ಟ ಮಕ್ಕಳಂತೆ ಕಂಡರು. ಛಾಯಾಗ್ರಾಹಕ ಲುಚಾನೋ ತೊವೋಲಿ ಬಣ್ಣದ ಬಟ್ಟೆಯ ಪರದೆಗಳ ಮೂಲಕ ಬೆಳಕು ಹಾಯಿಸಿ, ಆ ಕಡುಗೆಂಪು, ಕಡುನೀಲಿಗಳನ್ನು ತಂದರು. ಇಂಥ ವಿವರಗಳನ್ನು ಒಂದೇ ಭೇಟಿಯಲ್ಲಿ ಯಾರೂ ಬಿಟ್ಟುಕೊಡುವುದಿಲ್ಲ. ವರ್ಷ ವರ್ಷ ಹೋಗಿ, ನಂಬಿಕೆ ಗಳಿಸಿ, ಒಬ್ಬೊಬ್ಬರನ್ನೂ ಮಾತಿಗೆ ಎಳೆಯಬೇಕು. ಜೋನ್ಸ್ ಅಂಥ ಓಡಾಟದ ಫಲವಾಗಿ 2004ರಲ್ಲಿ ‘ಪ್ರೊಫೊಂದೋ ಅರ್ಜೆಂಟೋ’ ಪುಸ್ತಕ ತಂದರು.

ಇವತ್ತಿಗೂ ಈ ದಾರಿ ಹಿಡಿದು ಹೋಗುವವರಿಗೆ ಇಟಲಿಯಲ್ಲಿ ನೋಡಲು ಬಹಳ ಇದೆ. ಅರ್ಜೆಂಟೋ ಅವರ ‘ಪ್ರೊಫೊಂದೋ ರೊಸ್ಸೊ’ ಚಿತ್ರದ ಕಥೆ ನಡೆಯುವುದು ರೋಮಿನಲ್ಲಾದರೂ ಬಹುಭಾಗ ಚಿತ್ರಿಸಿದ್ದು ಟ್ಯೂರಿನ್‌ನಲ್ಲಿ. ಅಲ್ಲಿನ ಸಿಎಲ್ಎನ್ ಚೌಕದ ಜೋಡಿ ಕಾರಂಜಿಗಳ ನಡುವೆ ನಿಂತರೆ ಚಿತ್ರದ ರಾತ್ರಿಯ ದೃಶ್ಯ ಎದುರು ಬರುತ್ತದೆ. ರೋಮಿನ ವಿಯಾ ದೇಯಿ ಗ್ರಾಕಿ ಬೀದಿಯಲ್ಲಿ ಅದೇ ಚಿತ್ರದ ಹೆಸರಿನ ಅಂಗಡಿಯಿದೆ. ಅದರ ನೆಲಮಾಳಿಗೆಯಲ್ಲಿ ಅರ್ಜೆಂಟೋ ಚಿತ್ರಗಳ ವಸ್ತುಗಳ ಸಂಗ್ರಹಾಲಯ. ದಶಕಗಳಿಂದ ಅದನ್ನು ನೋಡಿಕೊಂಡು ಬಂದವರು ಸ್ವತಃ ನಿರ್ದೇಶಕರಾದ ಲುಯಿಜಿ ಕೋತ್ಸಿ.

ಜೋನ್ಸ್ ಬರೆಯುತ್ತಿದ್ದ ಕಾಲದ ಬ್ರಿಟನ್ ಈ ಚಿತ್ರಗಳಿಗೆ ಹಗೆಯಾಗಿತ್ತು. ವಿಡಿಯೊ ಕ್ಯಾಸೆಟ್ಟುಗಳಲ್ಲಿ ಬರುತ್ತಿದ್ದ ಹಾರರ್ ಚಿತ್ರಗಳು ಮಕ್ಕಳನ್ನು ಕೆಡಿಸುತ್ತವೆ ಎಂದು ಪತ್ರಿಕೆಗಳು, ಸಂಸತ್ತು, ಪೊಲೀಸರು ಒಟ್ಟಾಗಿ ಎದ್ದರು. ಅಂಗಡಿಗಳ ಮೇಲೆ ದಾಳಿಯಾಯಿತು. ಪ್ರಾಸಿಕ್ಯೂಷನ್ ಇಲಾಖೆಯ ಪಟ್ಟಿಗೆ ಒಟ್ಟು 72 ಚಿತ್ರಗಳು ಸೇರಿದವು, 39 ಚಿತ್ರಗಳ ಮೇಲೆ ಅಶ್ಲೀಲತೆಯ ಮೊಕದ್ದಮೆ ಗೆದ್ದಿತು. 1984ರಲ್ಲಿ ವಿಡಿಯೊಗಳಿಗೆ ಪ್ರಮಾಣಪತ್ರ ಕಡ್ಡಾಯ ಮಾಡುವ ಕಾನೂನು ಬಂತು. ಟೆನೆಸ್ಸೀ ಕಾಡಿನ ಹುಡುಗರ ‘ದಿ ಈವಿಲ್ ಡೆಡ್’, ಅರ್ಜೆಂಟೋ ಅವರ ‘ತೆನೆಬ್ರೆ’ ಎರಡೂ ಆ ಪಟ್ಟಿಯಲ್ಲಿದ್ದವು. ನೋಡದೆಯೇ ಖಂಡಿಸುವವರ ನಡುವೆ, ನೋಡಿ ಬರೆಯುವವರ ಮಾತಿಗೆ ಬೆಲೆ ಬರುವುದು ಇಂಥ ಹೊತ್ತಿನಲ್ಲಿ. ಅಂದು ಹಾಗೆ ಸಾಕ್ಷ್ಯ ಹೇಳಬಲ್ಲವರಲ್ಲಿ ಹಾರರ್ ಪತ್ರಿಕೆಗಳವರೂ ಇದ್ದರು.

2000ದಲ್ಲಿ ಜೋನ್ಸ್, ಪಾಲ್ ಮೆಕೆವೊಯ್, ಇಯಾನ್ ರಾಟ್ರೆ ಸೇರಿ ಲಂಡನ್ನಿನ ಪ್ರಿನ್ಸ್ ಚಾರ್ಲ್ಸ್ ಚಿತ್ರಮಂದಿರದಲ್ಲಿ ‘ಫ್ರೈಟ್‌ಫೆಸ್ಟ್’ ಶುರುಮಾಡಿದರು. ಆಗಸ್ಟ್ ಕೊನೆಯ ರಜೆಯ ವಾರಾಂತ್ಯದಲ್ಲಿ ನಡೆಯುವ ಆ ಉತ್ಸವ ಲೆಸ್ಟರ್ ಚೌಕದ ದೊಡ್ಡ ಚಿತ್ರಮಂದಿರಗಳಿಗೆ ಬೆಳೆಯಿತು. ಒಂದು ಕಾಲಕ್ಕೆ ಪೊಲೀಸರು ಕ್ಯಾಸೆಟ್ ಹೊತ್ತೊಯ್ದ ದೇಶದಲ್ಲಿ, ಅದೇ ಬಗೆಯ ಚಿತ್ರಗಳಿಗೆ ನಗರದ ನಟ್ಟನಡುವೆ ಜನ ಸಾಲುಗಟ್ಟಿ ನಿಂತರು. ಊರೂರು ಸುತ್ತಿ ನೋಡಿ ಬರೆದವರೇ ಕೊನೆಗೆ ಊರಿಗೆ ಒಂದು ಉತ್ಸವ ತಂದುಕೊಟ್ಟರು.

ಉತ್ಸವದ ಊರುಗಳು

ಈ ಪತ್ರಕರ್ತರ ಕ್ಯಾಲೆಂಡರಿನಲ್ಲಿ ಅಕ್ಟೋಬರ್ ಎಂದರೆ ಸಿಟ್ಜೆಸ್. ಸ್ಪೇನಿನ ಬಾರ್ಸಿಲೋನಾದಿಂದ ಸಮುದ್ರದ ಬದಿಯಲ್ಲೇ ಸಾಗುವ ರೈಲಿನಲ್ಲಿ ಮುಕ್ಕಾಲು ಗಂಟೆಯ ದಾರಿ. ಕಡಲಿಗೆ ಮುಖಮಾಡಿದ ಹಳೆಯ ಚರ್ಚು, ಬಿಳಿಗೋಡೆಯ ಸಣ್ಣ ಓಣಿಗಳು. 1968ರಲ್ಲಿ ಶುರುವಾದ ಇಲ್ಲಿನ ಉತ್ಸವ ಫ್ಯಾಂಟಸಿ, ಹಾರರ್ ಚಿತ್ರಗಳಿಗೆ ಮೀಸಲಾದ ಲೋಕದ ಅತಿ ಹಳೆಯ ಉತ್ಸವಗಳಲ್ಲೊಂದು. ಕಿಂಗ್ ಕಾಂಗ್ ಇದರ ಲಾಂಛನ. ಫ್ರಿಟ್ಸ್ ಲಾಂಗ್ ಅವರ 1927ರ ‘ಮೆಟ್ರೊಪಾಲಿಸ್’ ಚಿತ್ರದ ಯಂತ್ರಕನ್ಯೆ ಮಾರಿಯಾಳ ಹೆಸರಿನಲ್ಲಿ ಪ್ರಶಸ್ತಿ ಕೊಡುತ್ತಾರೆ. ಬೆಳಗಿನ ತಿಂಡಿಯ ಹೊತ್ತಿಗೆ ಮೊದಲ ಚಿತ್ರ, ಕೊನೆಯ ಚಿತ್ರ ಮುಗಿಯುವಾಗ ಮತ್ತೆ ಬೆಳಕು ಹರಿದಿರುತ್ತದೆ. ಒಂದು ಸಂಜೆ ಊರಿನ ಬೀದಿಗಳ ತುಂಬ ಜೊಂಬಿ ವೇಷದವರ ಮೆರವಣಿಗೆ. ಮಕ್ಕಳನ್ನು ಹೆಗಲ ಮೇಲೆ ಕೂರಿಸಿಕೊಂಡ ಅಪ್ಪಂದಿರು, ಬಣ್ಣ ಬಳಿಸಿಕೊಂಡ ಅಜ್ಜಿಯರು ಎಲ್ಲರೂ ಅಲ್ಲಿರುತ್ತಾರೆ.

ಒಂದೊಂದು ಊರಿಗೂ ಒಂದೊಂದು ರೂಢಿ. 1983ರಿಂದ ನಡೆಯುತ್ತಿರುವ ಬ್ರಸೆಲ್ಸ್ ಉತ್ಸವದಲ್ಲಿ ತೆರೆಯ ಮೇಲೆ ಯಾರಾದರೂ ಬಾಗಿಲು ತೆರೆದಿಟ್ಟು ಹೋದರೆ ಇಡೀ ಸಭಾಂಗಣ ‘ಬಾಗಿಲು!’ ಎಂದು ಫ್ರೆಂಚಿನಲ್ಲಿ ಕೂಗುತ್ತದೆ. ವೇದಿಕೆಗೆ ಬಂದ ನಿರ್ದೇಶಕರು ಎಷ್ಟೇ ದೊಡ್ಡವರಾಗಿರಲಿ, ಹಾಡು ಹೇಳದೆ ಇಳಿಯುವಂತಿಲ್ಲ. 1996ರಲ್ಲಿ ಶುರುವಾದ ಮಾಂಟ್ರಿಯಲ್‌ನ ‘ಫ್ಯಾಂಟೇಸಿಯಾ’ದಲ್ಲಿ ದೀಪ ಆರುತ್ತಲೇ ಜನ ಬೆಕ್ಕಿನಂತೆ ಮಿಯಾಂವ್ ಅನ್ನುತ್ತಾರೆ. ಫ್ರಾನ್ಸಿನ ಹಿಮದ ಊರು ಆವೋರಿಯಾದಲ್ಲಿ ಕಾರುಗಳಿಗೆ ಪ್ರವೇಶವೇ ಇಲ್ಲ. ಅಲ್ಲಿ 1973ರಲ್ಲಿ ನಡೆದ ಮೊದಲ ಉತ್ಸವದ ದೊಡ್ಡ ಬಹುಮಾನ ಹೋದದ್ದು ‘ಡ್ಯುಯೆಲ್’ ಎಂಬ ಚಿತ್ರಕ್ಕೆ. ಅಮೆರಿಕದಲ್ಲಿ ಟಿವಿಗೆಂದು ತಯಾರಾಗಿದ್ದ ಆ ಚಿತ್ರದ ನಿರ್ದೇಶಕ, ಇನ್ನೂ 20ರ ಹರೆಯದಲ್ಲಿದ್ದ ಸ್ಪಿಲ್‌ಬರ್ಗ್. ದಕ್ಷಿಣ ಕೊರಿಯಾದ ಬುಚಿಯಾನ್ 1997ರಿಂದ, ಅಮೆರಿಕದ ಆಸ್ಟಿನ್ 2005ರಿಂದ ಈ ನಕ್ಷೆಗೆ ಸೇರಿವೆ.

ಈಗ ಲಿಂಕ್ ಒತ್ತಿದರೆ ಚಿತ್ರ ಲ್ಯಾಪ್‌ಟಾಪಿಗೇ ಬರುತ್ತದೆ. ಅಷ್ಟು ದೂರ ಹೋಗುವುದೇಕೆ ಎಂದು ಸಂಪಾದಕರು ಕೇಳುತ್ತಾರೆ. ಹಾರರ್ ಚಿತ್ರದ ಮಟ್ಟಿಗೆ ಉತ್ತರ ಸ್ಪಷ್ಟವಿದೆ. ಭಯ ಸಭಾಂಗಣದಲ್ಲಿ ಒಬ್ಬರಿಂದೊಬ್ಬರಿಗೆ ಹರಡುತ್ತದೆ. ಮುಂದಿನ ಸಾಲಿನವರು ಬೆಚ್ಚಿದಾಗ ಹಿಂದಿನವರ ಉಸಿರು ಬಿಗಿಯುತ್ತದೆ. ಯಾವ ದೃಶ್ಯಕ್ಕೆ ಜನ ನಕ್ಕು ಹಗುರಾದರು, ಎಲ್ಲಿ ಒಬ್ಬರೂ ಕೆಮ್ಮಲಿಲ್ಲ, ಯಾರು ಎದ್ದು ಹೊರಗೆ ಹೋದರು ಎಂಬುದು ಅಲ್ಲಿ ಕೂತವನಿಗೆ ಮಾತ್ರ ತಿಳಿಯುತ್ತದೆ. ‘ದಿ ಬ್ಲೇರ್ ವಿಚ್ ಪ್ರಾಜೆಕ್ಟ್’ ಎಂಬ ಪುಟ್ಟ ಚಿತ್ರ 1999ರ ಜನವರಿಯಲ್ಲಿ ಸನ್‌ಡ್ಯಾನ್ಸ್ ಉತ್ಸವದ ಮಧ್ಯರಾತ್ರಿಯ ಆಟದಲ್ಲಿ ತೋರಿಸಲ್ಪಟ್ಟು, ಅಲ್ಲೇ ಮಾರಾಟವಾಯಿತು. ‘ಪ್ಯಾರಾನಾರ್ಮಲ್ ಆ್ಯಕ್ಟಿವಿಟಿ’ ಮೊದಲು ಕಾಣಿಸಿಕೊಂಡದ್ದು 2007ರ ‘ಸ್ಕ್ರೀಮ್‌ಫೆಸ್ಟ್’ನಲ್ಲಿ. ತಾರೆಯರಿಲ್ಲದ, ಜಾಹೀರಾತಿಲ್ಲದ ಇಂಥ ಚಿತ್ರಗಳ ಸುದ್ದಿಯನ್ನು ಹೊರಲೋಕಕ್ಕೆ ಒಯ್ಯುವವರು ರಾತ್ರಿಯಿಡೀ ಎಚ್ಚರವಿದ್ದು ನೋಡಿದ ಬರಹಗಾರರು.

ಮಳೆಯಲ್ಲಿ ನೆನೆದ ತುಂಬಾಡ

2018ರಲ್ಲಿ ಈ ಉತ್ಸವಗಳ ಲೋಕಕ್ಕೆ ನಮ್ಮ ನೆರೆಯ ಕೊಂಕಣದ ಒಂದು ಕಥೆ ಹೋಯಿತು. ರಾಹಿ ಅನಿಲ್ ಬರ್ವೆ ನಿರ್ದೇಶನದ ‘ತುಂಬಾಡ್’ ವೆನಿಸ್ ಉತ್ಸವದ ವಿಮರ್ಶಕರ ಸಪ್ತಾಹದ ಉದ್ಘಾಟನಾ ಚಿತ್ರವಾಯಿತು. ಆ ಜಾಗ ಭಾರತದ ಚಿತ್ರವೊಂದಕ್ಕೆ ಸಿಕ್ಕಿದ್ದು ಅದೇ ಮೊದಲು. ಅಲ್ಲಿಂದ ಆಸ್ಟಿನ್, ಸಿಟ್ಜೆಸ್‌ಗಳಿಗೂ ಹೋಯಿತು. ಮರಾಠಿ ಭಯಕಥೆಗಳ ಲೇಖಕ ನಾರಾಯಣ ಧಾರಪ್ ಅವರ ಕಥೆಯನ್ನು ಗೆಳೆಯನೊಬ್ಬ 1993ರಲ್ಲಿ ಕಾಡಿನಲ್ಲಿ ಹೇಳಿದ್ದು ಬರ್ವೆ ಅವರ ಮನಸ್ಸಿನಲ್ಲಿ ಬೇರೂರಿತ್ತು. 2012ರಲ್ಲಿ ಚಿತ್ರೀಕರಣ ಶುರುವಾಗಿ, ತೆಗೆದದ್ದನ್ನು ಕೈಬಿಟ್ಟು ಮತ್ತೆ ತೆಗೆದು, ನಿಜವಾದ ಮಳೆಗಾಗಿ ಒಂದಾದ ಮೇಲೊಂದು ಮುಂಗಾರು ಕಾದರು. ಛಾಯಾಗ್ರಾಹಕ ಪಂಕಜ್ ಕುಮಾರ್ ತೋರಿಸಿದ ಆ ಬೂದು ಮಳೆ ನಿಜವಾದದ್ದೇ.

ಆ ಚಿತ್ರದಲ್ಲಿ ಮೈಯೆಲ್ಲ ಬೇರುಬಿಟ್ಟ ಮುದುಕಿಯೊಬ್ಬಳಿದ್ದಾಳೆ. ನಾಯಕನ ಮಗನಾಗಿ ನಟಿಸಿದ ಬಾಲಕ ಮೊಹಮ್ಮದ್ ಸಮದ್‌ನೇ ಆ ಮುದುಕಿಯ ಪಾತ್ರವನ್ನೂ ಮಾಡಿದ್ದ. ಇದು ತಿಳಿದ ಮೇಲೆ ಚಿತ್ರವನ್ನು ಇನ್ನೊಮ್ಮೆ ನೋಡಿದರೆ, ತಲೆಮಾರಿನಿಂದ ತಲೆಮಾರಿಗೆ ಇಳಿದುಬರುವ ದುರಾಸೆಯ ಕಥೆಗೆ ಹೊಸ ಅರ್ಥ ಬರುತ್ತದೆ. ಮೊದಲ ಬಿಡುಗಡೆಯಲ್ಲಿ ಚಿತ್ರ ದೊಡ್ಡ ಗಳಿಕೆ ಕಾಣಲಿಲ್ಲ. 2024ರ ಸೆಪ್ಟೆಂಬರಿನಲ್ಲಿ ಮರುಬಿಡುಗಡೆಯಾದಾಗ ಮೊದಲಿಗಿಂತ ಹೆಚ್ಚು ಗಳಿಸಿತು. ನಡುವಿನ ಆರು ವರ್ಷ ಚಿತ್ರವನ್ನು ಜೀವಂತವಾಗಿ ಇಟ್ಟದ್ದು ಅದರ ಬಗ್ಗೆ ಮಾತಾಡುತ್ತಲೇ, ಬರೆಯುತ್ತಲೇ ಇದ್ದವರು.

ಹಿಂದಿಯ ರಾಮ್‌ಸೇ ಸಹೋದರರಿಗೆ ಆ ಭಾಗ್ಯ ಬೇಗ ಸಿಗಲಿಲ್ಲ. 1972ರ ‘ದೋ ಗಜ್ ಜಮೀನ್ ಕೆ ನೀಚೆ’ಯಿಂದ ಮೊದಲಾಗಿ ಅವರು ಮಾಡಿದ್ದು ಮನೆಮಂದಿಯ ಸಿನಿಮಾ. ಒಬ್ಬ ಅಣ್ಣನ ಕೈಯಲ್ಲಿ ಕ್ಯಾಮೆರಾ, ಇನ್ನೊಬ್ಬನಿಗೆ ಧ್ವನಿ, ಮತ್ತಿಬ್ಬರಿಗೆ ನಿರ್ದೇಶನ. ಮಹಾಬಳೇಶ್ವರದಂಥ ಕಡೆ ಹೋಗಿ ಅಲ್ಲೇ ತಂಗಿ, ಅಲ್ಲೇ ಅಡುಗೆ ಮಾಡಿಸಿ ಉಂಡು, ಕಡಿಮೆ ಖರ್ಚಿನಲ್ಲಿ ಚಿತ್ರ ಮುಗಿಸುತ್ತಿದ್ದರು. 1984ರ ‘ಪುರಾನಾ ಮಂದಿರ್’ ಭರ್ಜರಿ ಹಣ ಮಾಡಿತು. ಆದರೂ ಈ ಕುಟುಂಬದ ಕೆಲಸದ ಕಥೆಯನ್ನು ಪೂರ್ತಿಯಾಗಿ ಹೇಳುವ ಶಾಮ್ಯ ದಾಸ್‌ಗುಪ್ತ ಅವರ ‘ಡೋಂಟ್ ಡಿಸ್ಟರ್ಬ್ ದ ಡೆಡ್’ ಪುಸ್ತಕ ಬಂದದ್ದು 2017ರಲ್ಲಿ. ಅಷ್ಟರಲ್ಲಿ ಎಲ್ಲ ಸಹೋದರರೂ ಬದುಕಿರಲಿಲ್ಲ.

ನಮ್ಮ ದೆವ್ವಗಳ ಲೆಕ್ಕ

‘ಫ್ಯಾಂಗೋರಿಯಾ’ ಹುಟ್ಟಿದ 1979ರಲ್ಲೇ ಕನ್ನಡದಲ್ಲಿ ‘ನಾ ನಿನ್ನ ಬಿಡಲಾರೆ’ ಬಂತು. ಅನಂತ್ ನಾಗ್, ಲಕ್ಷ್ಮಿ ನಟಿಸಿದ, ವಿಜಯ್ ನಿರ್ದೇಶನದ ಆ ಚಿತ್ರದ ಸೆಕೆಂಡ್ ಶೋ ಮುಗಿಸಿ ಮನೆಗೆ ಬಂದವರು ರಾತ್ರಿ ಹಿತ್ತಿಲಿಗೆ ಹೋಗಲು ಹೆದರಿದ ಕಥೆಗಳು ಊರೂರಲ್ಲೂ ಇವೆ. ಅನಂತ್ ನಾಗ್ ಅವರೇ ನಾಯಕನಾಗಿ, ರೇಖಾ ನಾಯಕಿಯಾಗಿ ಹಿಂದಿಯಲ್ಲಿ ‘ಮಂಗಳಸೂತ್ರ’ವಾಗಿ ಅದು ಮರುಹುಟ್ಟು ಪಡೆಯಿತು. 1993ರಲ್ಲಿ ಉಪೇಂದ್ರ ‘ಶ್!’ ಮಾಡಿದರು. ಸಿನಿಮಾ ಶೂಟಿಂಗಿನ ತಂಡವೊಂದರ ನಡುವೆಯೇ ಭಯ ಬಿತ್ತಿದ ಆ ಚಿತ್ರ, ಸೆಟ್ಟು ಎಂಬ ಜಾಗವನ್ನೇ ಕಥೆ ಮಾಡಿಕೊಂಡಿತ್ತು. 2004ರಲ್ಲಿ ‘ಆಪ್ತಮಿತ್ರ’, ಆಮೇಲೆ ‘6-5=2’, ‘ಯೂ ಟರ್ನ್’, 2025ರಲ್ಲಿ ಕರಾವಳಿಯ ಹಳ್ಳಿಯೊಂದನ್ನು ನಗಿಸುತ್ತಲೇ ಹೆದರಿಸಿದ ‘ಸು ಫ್ರಮ್ ಸೋ’. ಸಾಲು ಚಿಕ್ಕದಲ್ಲ.

‘ಆಪ್ತಮಿತ್ರ’ದ ಮೂಲ, ಫಾಜಿಲ್ ಅವರ 1993ರ ಮಲಯಾಳ ಚಿತ್ರ ‘ಮಣಿಚಿತ್ರತ್ತಾಳ್’. ಬೇರೆ ಭಾಷೆಗಳಲ್ಲಿ ಅದನ್ನು ಮೊದಲು ಮಾಡಿದ್ದು ಕನ್ನಡ. ಪಿ. ವಾಸು ನಿರ್ದೇಶನದಲ್ಲಿ ವಿಷ್ಣುವರ್ಧನ್, ಸೌಂದರ್ಯ ನಟಿಸಿದರು. ಚಿತ್ರ ತೆರೆಗೆ ಬರುವ ಮೊದಲೇ ಸೌಂದರ್ಯ ವಿಮಾನ ಅಪಘಾತದಲ್ಲಿ ತೀರಿಕೊಂಡರು. ಕನ್ನಡ ಚಿತ್ರದ ಬೆನ್ನಿಗೇ ತಮಿಳಿನ ‘ಚಂದ್ರಮುಖಿ’, ಹಿಂದಿಯ ‘ಭೂಲ್ ಭುಲಯ್ಯಾ’ ಬಂದವು. ಮಲಯಾಳದ ಮೂಲ ಚಿತ್ರದಲ್ಲಿ ಶೋಭನಾ ನಾಗವಲ್ಲಿಯಾಗಿ ಗರ್ಜಿಸುವ ಆ ತಮಿಳು ದನಿ ಯಾರದು? ಬಹುಕಾಲ ಎಲ್ಲರೂ ನಂಬಿದ್ದು ಶೋಭನಾ ಅವರೇ ಮಾಡಿದ ಗಂಗೆಯ ಪಾತ್ರಕ್ಕೆ ದನಿ ಕೊಟ್ಟ ಭಾಗ್ಯಲಕ್ಷ್ಮಿ ಅವರದೇ ಎಂದು. ನಾಗವಲ್ಲಿಗೆ ದನಿಯಾದವರು ತಮಿಳಿನ ಡಬ್ಬಿಂಗ್ ಕಲಾವಿದೆ ದುರ್ಗಾ ಎಂದು ಫಾಜಿಲ್ ಬರೆದು ತಿಳಿಸಿದ್ದು ಎರಡು ದಶಕಗಳ ಮೇಲೆ. ಕೋಟ್ಯಂತರ ಜನರನ್ನು ನಡುಗಿಸಿದ ದನಿಗೆ ಅಷ್ಟು ವರ್ಷ ಹೆಸರಿರಲಿಲ್ಲ. ಡಬ್ಬಿಂಗ್ ಕೋಣೆಯ ಹೊರಗೆ ಒಬ್ಬ ವರದಿಗಾರ ಅಂದು ನಿಂತಿದ್ದರೆ ಈ ಅನ್ಯಾಯ ಆಗುತ್ತಿರಲಿಲ್ಲ.

ಕನ್ನಡದಲ್ಲಿ ಸಿನಿಮಾ ಪತ್ರಿಕೆಗಳ ಪರಂಪರೆ ದೊಡ್ಡದು. ‘ರೂಪತಾರಾ’, ‘ವಿಜಯಚಿತ್ರ’ಗಳನ್ನು ಎರಡು ತಲೆಮಾರು ಓದಿ ಬೆಳೆದಿವೆ. ಮುಹೂರ್ತದ ಫೋಟೋ, ತಾರೆಯರ ಸಂದರ್ಶನ, ಹಾಡಿನ ಚಿತ್ರೀಕರಣದ ಸುದ್ದಿ ಅವುಗಳಲ್ಲಿ ಹೇರಳವಾಗಿವೆ. ‘ನಾ ನಿನ್ನ ಬಿಡಲಾರೆ’ಯಲ್ಲಿ ಕಣ್ಣುಗಳಿಗೆ ಬೆಳಕು ಇಟ್ಟವರು ಯಾರು, ಗಾಳಿಯ ಸದ್ದನ್ನು ಹೇಗೆ ಮಾಡಿದರು, ಮೇಕಪ್‌ಗೆ ಎಷ್ಟು ಹೊತ್ತು ಹಿಡಿಯಿತು ಎಂಬ ವಿವರ ಹುಡುಕಿದರೆ ಸಿಗುವುದು ತೀರಾ ಕಡಿಮೆ. 1979ರ ಆ ಚಿತ್ರದ ತಂತ್ರಜ್ಞರಲ್ಲಿ ಬದುಕಿರುವವರಿಗೆ ಈಗ ಇಳಿವಯಸ್ಸು. ಅವರ ನೆನಪು ಅವರ ಜೊತೆಗೇ ಹೋದರೆ ಮತ್ತೆ ಕೇಳಲು ಯಾರೂ ಇರುವುದಿಲ್ಲ.

ಮಾಡಬೇಕಾದ ಕೆಲಸ ದೊಡ್ಡ ದುಡ್ಡು ಕೇಳುವುದಿಲ್ಲ. ಪತ್ರಿಕೋದ್ಯಮ ಓದುವ ಹುಡುಗ ಹುಡುಗಿಯರು ಗಾಂಧಿನಗರದ ಹಿರಿಯ ಮೇಕಪ್‌ಮ್ಯಾನ್‌ಗಳ, ಕಲಾ ನಿರ್ದೇಶಕರ, ಡಬ್ಬಿಂಗ್ ಕಲಾವಿದರ ಮನೆಗೆ ಹೋಗಿ ಕೂತು ರೆಕಾರ್ಡ್ ಮಾಡಿಕೊಳ್ಳಲಿ. ಈಗ ತಯಾರಾಗುತ್ತಿರುವ ದೆವ್ವದ ಚಿತ್ರಗಳ ನಿರ್ಮಾಪಕರು ಟ್ರೇಲರ್ ಬಿಡುಗಡೆಯ ದಿನ ಮಾತ್ರ ಪತ್ರಕರ್ತರನ್ನು ಕರೆಯುವ ಬದಲು, ಶೂಟಿಂಗಿನ ಒಂದು ಪೂರ್ತಿ ರಾತ್ರಿ ಸೆಟ್ಟಿನಲ್ಲಿ ಇರಗೊಡಲಿ. ಕರ್ನಾಟಕ ಚಲನಚಿತ್ರ ಅಕಾಡೆಮಿ ಬೆಂಗಳೂರಿನ ಚಿತ್ರೋತ್ಸವದಲ್ಲಿ ಒಂದು ರಾತ್ರಿಯನ್ನು ಭಾರತೀಯ ಭಾಷೆಗಳ ಹಾರರ್ ಚಿತ್ರಗಳಿಗೆ ಕೊಟ್ಟು, ಅವನ್ನು ಮಾಡಿದ ತಂತ್ರಜ್ಞರನ್ನು ವೇದಿಕೆಗೆ ಕರೆದು ಮಾತಾಡಿಸಲಿ. ಸಿಟ್ಜೆಸ್ ಕೂಡ ಕಡಲ ದಡದ ಒಂದು ಸಣ್ಣ ಊರು. ಹಾರರ್ ಚಿತ್ರಗಳನ್ನು ಪ್ರೀತಿಸುವವರು ಅದನ್ನು ಲೋಕಕ್ಕೆ ಗೊತ್ತಾಗುವಂತೆ ಮಾಡಿದರು. ಗುಮ್ಮನಿಂದ ಬ್ರಹ್ಮರಾಕ್ಷಸನವರೆಗೆ ಕಥೆ ಕಟ್ಟಿದ ನಾಡು ನಮ್ಮದು. ಆ ಕಥೆಗಳಿಗೆ ತೆರೆಯ ಮೇಲೆ ಮೈ ಕೊಟ್ಟವರ ಹೆಸರುಗಳನ್ನು, ಅವರು ಇರುವಾಗಲೇ, ಅವರ ಬಾಯಿಂದಲೇ ಕೇಳಿ ಬರೆದಿಡೋಣ.